ಹೊತ್ತು ಮುಳುಗುವುದರೊಳಗೆ ಕೂಲಿ

(ಕಟಕೋಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದೇವರ ಕಟ್ಟಳೆಗಳನ್ನು ದಿನದ ಬದುಕಿನಲ್ಲಿ ನಡೆಸುವುದು ಹೇಗೆ, ಒಬ್ಬ ಕಥೋಲಿಕನಾಗಿ ಹೇಳು ಎಂದು ಸಂಘಟಕರು ಕೇಳಿದ್ದಾರೆ. ಈ ಸಭೆಯಲ್ಲಿ ಕಥೋಲಿಕರು ಬೆರಳೆಣಿಕೆಯಷ್ಟು. ಉಳಿದವರು ಗೊಡಚಿ ವೀರಭದ್ರನ ಜಾತ್ರೆಗೆ ಹೋಗುವವರು, ಎಲ್ಲಮ್ಮನ ಗುಡ್ಡ ಹತ್ತುವವರು, ಕೊರಳಲ್ಲಿ ಇಷ್ಟಲಿಂಗ ಧರಿಸಿದವರು, ಐದು ಹೊತ್ತು ನಮಾಜು ಮಾಡುವವರು. ಹೀಗಾಗಿ ಇದು ಚರ್ಚಿನೊಳಗಿನ ಪ್ರವಚನ ಆಗಲಾರದು, ಆಗಲೂಬಾರದು. ನಿಮ್ಮ ಕಣ, ನಿಮ್ಮ ಸಂತೆ, ನಿಮ್ಮ ಕಬ್ಬಿನ ಗಾಡಿ ಏರುವ ಕಾಟಾ, ಅಲ್ಲೇ ನಿಂತು ಮಾತಾಡುತ್ತೇನೆ. ಕಟ್ಟಳೆಗಳ ನಿಜವಾದ ಪರೀಕ್ಷೆ ನಡೆಯುವುದು ಅಲ್ಲೇ ಎಂಬುದು ನನ್ನ ವಾದ.

ಬೈಲಹೊಂಗಲ ತಾಲ್ಲೂಕಿನ ದೇಶನೂರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಒಂದು ಕಥೋಲಿಕ ದೇವಾಲಯವಿದೆ. ಅದರ ಹೆಸರು ಸ್ನಾನಿಕ ಅರುಳಪ್ಪ ವಿರಕ್ತಮಠ. ಗೋವೆಯಿಂದ ಬಂದ ಯೇಸುಸಭೆಯ ಗುರು ಅರ್ಮಾಂದೊ ಆಲ್ವಾರಿಸ್ ಅವರು ಕಳೆದ ಶತಮಾನದ ನಡುಭಾಗದಲ್ಲಿ ಅಲ್ಲಿ ನೆಲೆನಿಂತರು. ಕಾವಿ ಉಟ್ಟರು, ಮಾಂಸ ಬಿಟ್ಟರು, ಅನಿಮಾನಂದ ಸ್ವಾಮಿ ಎಂಬ ಹೆಸರಿನಿಂದ ಈ ಸೀಮೆಯ ಜಂಗಮರಂತೆ ಬಾಳಿದರು. ಬೇರೆ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ. ದೇಶನೂರಿನ ಜನ ಆ ಘೋಷಣೆಗೆ ಕಾಯಲಿಲ್ಲ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕನ್ನಡದಲ್ಲಿ ಪ್ರಾರ್ಥಿಸುವುದನ್ನು ರೂಢಿ ಮಾಡಿಕೊಂಡರು.

2019ರ ಆಗಸ್ಟಿನಲ್ಲಿ, ಅರುಳಪ್ಪನವರ ಹಬ್ಬದಂದು, ಬೆಳಗಾವಿಯ ಬಿಷಪ್ ಡೆರಿಕ್ ಫರ್ನಾಂಡಿಸ್ ಅವರು ಅಲ್ಲಿ ಕಾವಿ ಹೊದ್ದು ತಿಲಕವಿಟ್ಟು ಪೂಜೆ ಅರ್ಪಿಸಿದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಇದು ಹಿಂದೂಗಳ ಕಣ್ಣಿಗೆ ಮಣ್ಣೆರಚುವ ವೇಷ ಎಂದು ಕೆಲವರು ಗುಡುಗಿದರು. ನಮ್ಮ ಧರ್ಮವನ್ನು ಕಲಬೆರಕೆ ಮಾಡುತ್ತಿದ್ದಾರೆ ಎಂದು ನಮ್ಮವರೇ ಕೆಲವರು ಅಷ್ಟೇ ಜೋರಾಗಿ ಕೂಗಿದರು. ಎರಡೂ ಕಡೆಯವರು ಬಟ್ಟೆಯ ಬಣ್ಣ ನೋಡಿದರು. ಆ ಮಠಕ್ಕೆ ಯಾರ ಹೆಸರಿದೆ, ಆತ ಏನು ಹೇಳಿದ್ದ ಎಂದು ಕೇಳಿದವರು ನನಗಂತೂ ಕಾಣಲಿಲ್ಲ.

ಸ್ನಾನಿಕ ಅರುಳಪ್ಪ ಎಂದರೆ ಯೊರ್ದಾನ್ ನದಿಯಲ್ಲಿ ಜನರಿಗೆ ಸ್ನಾನದೀಕ್ಷೆ ಕೊಟ್ಟವನು, ಯೇಸುವಿಗಿಂತ ಮುಂಚೆ ಬಂದು ದಾರಿ ಹಸನು ಮಾಡಿದವನು. ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಜನ ಅವನನ್ನು ಮುತ್ತಿಕೊಂಡು ಒಂದೇ ಪ್ರಶ್ನೆ ಕೇಳುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ‘ನಾವೀಗ ಏನು ಮಾಡೂಣ್ರಿ?’ ಒಂಟೆಯ ಕೂದಲಿನ ಬಟ್ಟೆ ಉಟ್ಟು ಮಿಡತೆ, ಜೇನು ತಿಂದು ಬದುಕಿದ ಆ ವಿರಕ್ತ ಏನು ಹೇಳಬಹುದಿತ್ತು? ಸಂಸಾರ ಬಿಡಿ, ಉಪವಾಸ ಮಾಡಿ, ಅಡವಿಗೆ ಬನ್ನಿ ಎನ್ನಬಹುದಿತ್ತು. ಹಾಗೆನ್ನಲಿಲ್ಲ. ಎರಡು ಅಂಗಿ ಇದ್ದವರು ಇಲ್ಲದವರಿಗೆ ಒಂದನ್ನು ಕೊಡಬೇಕು, ಅನ್ನದ್ದೂ ಹಾಗೆಯೇ ಎಂದ. ಸುಂಕದವರು ಬಂದರು. ಗೊತ್ತುಪಡಿಸಿದ್ದಕ್ಕಿಂತ ಒಂದು ಕಾಸೂ ಹೆಚ್ಚು ವಸೂಲಿ ಮಾಡಬಾರದು ಎಂದ. ಸಿಪಾಯಿಗಳು ಬಂದರು. ಬೆದರಿಸಿ ಹಣ ಕೀಳಬಾರದು, ಸುಳ್ಳು ಆಪಾದನೆ ಹೊರಿಸಬಾರದು, ಪಗಾರದಲ್ಲಿ ತೃಪ್ತರಾಗಿರಬೇಕು ಎಂದ. ಪ್ರತಿಯೊಬ್ಬರಿಗೂ ಅವರವರ ಉದ್ಯೋಗದೊಳಗಿನ ಪಾಪವನ್ನೇ ಬೊಟ್ಟು ಮಾಡಿ ತೋರಿಸಿದ. ಕಟ್ಟಳೆಗಳನ್ನು ಬಾಳುವುದು ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇನ್ನು ಹತ್ತು ಕಟ್ಟಳೆಗಳಿಗೆ ಬರೋಣ. ಅವು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ, ವಿಮೋಚನಾಕಾಂಡದ 20ನೆಯ ಮತ್ತು ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ. ಎಣಿಸುವ ಬಗೆ ಎಲ್ಲ ಕ್ರೈಸ್ತರಲ್ಲಿ ಒಂದೇ ಅಲ್ಲ. ಕಥೋಲಿಕರು ಸಂತ ಆಗಸ್ಟೀನನ ಎಣಿಕೆಯನ್ನು ಅನುಸರಿಸುತ್ತಾರೆ. ವಿಮೋಚನಾಕಾಂಡದಲ್ಲಿ ಆಸೆಪಡಬಾರದ ವಸ್ತುಗಳ ಪಟ್ಟಿ ನೆರೆಯವನ ಮನೆಯಿಂದ ಶುರುವಾಗುತ್ತದೆ, ಆಮೇಲೆ ಹೆಂಡತಿ, ಆಳು, ಎತ್ತು, ಕತ್ತೆ. ಧರ್ಮೋಪದೇಶಕಾಂಡ ಹೆಂಡತಿಯನ್ನು ಆ ಸಾಲಿನಿಂದ ತೆಗೆದು ಮುಂದಿರಿಸಿತು. ನಮ್ಮ ಎಣಿಕೆ ಅದಕ್ಕೆ ಪ್ರತ್ಯೇಕ ಕಟ್ಟಳೆಯನ್ನೇ, ಒಂಬತ್ತನೆಯದನ್ನು, ಮೀಸಲಿಟ್ಟಿತು. ಹೆಣ್ಣು ಎತ್ತಿನ ಸಾಲಿನಲ್ಲಿ ನಿಲ್ಲುವ ಆಸ್ತಿಯಲ್ಲ ಎಂಬ ಅರಿವು ಅಲ್ಲಿ ಕಣ್ಣು ಬಿಡುತ್ತಿದೆ ಎಂದು ನಾನು ಓದಿಕೊಳ್ಳುತ್ತೇನೆ. ಪೂರ್ತಿ ತೆರೆದಿದೆ ಎನ್ನಲಾರೆ.

ಆದರೆ ಈ ಕಟ್ಟಳೆಗಳನ್ನು ಮೊದಲು ಕೇಳಿಸಿಕೊಂಡವರು ಯಾರು ಎಂಬುದು ಮುಖ್ಯ. ಐಗುಪ್ತದಲ್ಲಿ ಇಟ್ಟಂಗಿ ಮಾಡುತ್ತಿದ್ದ ಜೀತದಾಳುಗಳು, ಇಸ್ರಯೇಲರು, ಅವರು. ಮಣ್ಣಿಗೆ ಬೆರೆಸುವ ಹುಲ್ಲು ಕೊಡುವುದನ್ನು ಅಲ್ಲಿನ ಅರಸ ಫರೋಹ ನಿಲ್ಲಿಸಿದ, ಇಟ್ಟಂಗಿಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದು ಎಂದ. ಅಂಥ ಧಣಿಯ ಕೈಯಿಂದ ಬಿಡಿಸಿಕೊಂಡು ಬಂದವರಿಗೆ ದೇವರು ಮೊದಲು ನೆನಪಿಸಿದ್ದು ಆ ಬಿಡುಗಡೆಯನ್ನು. ಕಟ್ಟಳೆ ಬಂದದ್ದು ಆಮೇಲೆ. ದಾಸರಾಗಿದ್ದವರು ನಾಳೆ ತಾವೇ ಇನ್ನೊಬ್ಬರಿಗೆ ಫರೋಹರಾಗಬಾರದು ಎಂಬ ಎಚ್ಚರ ಇಡೀ ಧರ್ಮಶಾಸ್ತ್ರದಲ್ಲಿ ಹರಿಯುತ್ತದೆ. ಇಟ್ಟಂಗಿ ಭಟ್ಟಿಗಳು ನಮ್ಮ ಸೀಮೆಯಲ್ಲೂ ಇವೆ. ಆ ಅಧ್ಯಾಯವನ್ನು ಅವುಗಳ ಪಕ್ಕ ಕುಳಿತು ಓದಬೇಕು.

ಮೂರನೆಯ ಕಟ್ಟಳೆ ವಿಶ್ರಾಂತಿಯ ದಿನದ್ದು. ಕಥೋಲಿಕರಾದ ನಾವು ಅದನ್ನು ಭಾನುವಾರದ ಪೂಜೆಗೆ ಹಾಜರಿ ಹಾಕುವ ಮಟ್ಟಕ್ಕೆ ಇಳಿಸಿಕೊಂಡಿದ್ದೇವೆ. ಹೊಸ ಅಂಗಿ ತೊಟ್ಟು ಹೋಗಿ, ಪರಮಪ್ರಸಾದ ಸ್ವೀಕರಿಸಿ, ಮಧ್ಯಾಹ್ನ ಕೋಳಿ ಉಂಡು ಮಲಗಿದರೆ ಕಟ್ಟಳೆ ಮುಗಿಯಿತು. ಪೂಜೆ ತಪ್ಪಿಸಬಾರದು ನಿಜ. ಮೂಲದ ಕಟ್ಟಳೆ ಮಾತ್ರ ಇನ್ನೂ ಉದ್ದ ಇದೆ. ನಿನಗೊಬ್ಬನಿಗೇ ವಿಶ್ರಾಂತಿ ಅಲ್ಲ; ನಿನ್ನ ಆಳಿಗೆ, ತೊತ್ತಿಗೆ, ಎತ್ತಿಗೆ, ಕತ್ತೆಗೆ, ಊರಿಗೆ ಬಂದ ಪರದೇಶಿಗೆ ಕೂಡ ಎಂದು ಅದು ಹೆಸರು ಹಿಡಿದು ಹೇಳುತ್ತದೆ. ಇದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದು, ಅದು ಬಸವಣ್ಣನ ದಿನ ಎಂದು ನಿಮ್ಮ ಅಜ್ಜಂದಿರು ಪಾಲಿಸಿದವರು. ಈ ಕಟ್ಟಳೆಗಳು ಬಂದ ಸೀನಾಯಿ ಬೆಟ್ಟಕ್ಕೂ ಮಲಪ್ರಭೆಯ ದಂಡೆಗೂ ಯಾವ ಪತ್ರವ್ಯವಹಾರವೂ ಇರಲಿಲ್ಲ. ಆದರೂ ದುಡಿಯುವ ಮೂಕಪ್ರಾಣಿಗೆ ಒಂದು ದಿನ ಬಿಡಬೇಕು ಎಂಬ ವಿಷಯದಲ್ಲಿ ಎರಡೂ ಕಡೆಯವರು ಒಂದೇ ತೀರ್ಮಾನಕ್ಕೆ ಬಂದರು. ಹಂತಿ ಹೊಡೆಯುವ ಎತ್ತಿಗೆ ಬಾಯಿಕುಕ್ಕೆ ಹಾಕಬಾರದು ಎಂಬ ನಿಯಮವೂ ಧರ್ಮೋಪದೇಶಕಾಂಡದಲ್ಲಿದೆ. ರಾಶಿ ತುಳಿಯುವವನಿಗೆ ರಾಶಿಯಲ್ಲಿ ಒಂದು ಬಾಯಿ ತಿನ್ನುವ ಹಕ್ಕು ಉಂಟು.

ಈಗ ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ. ಅದಕ್ಕೆ ಸೋಮವಾರವೂ ಇಲ್ಲ, ಭಾನುವಾರವೂ ಇಲ್ಲ. ಟ್ರ್ಯಾಕ್ಟರ್ ಹೊಡೆಯುವ ಹುಡುಗನಿಗೂ ಇಲ್ಲ. ಎತ್ತಿಗೆ ಇದ್ದ ರಜೆ ಡ್ರೈವರನಿಗೆ ವರ್ಗವಾಗಲಿಲ್ಲ ಎಂಬುದು ನನಗೆ ಬಹಳ ವಿಚಿತ್ರವಾಗಿ ಕಾಣುತ್ತದೆ. ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕಲು ಬರುವ ಹೆಣ್ಣುಮಗಳಿಗೆ ವಾರದ ಸೂಟಿ ಯಾವತ್ತು? ಭಾನುವಾರ ನೆಂಟರು ಬರುತ್ತಾರೆ, ಅವತ್ತು ಅವಳಿಗೆ ಕೆಲಸ ಜಾಸ್ತಿ. ಪೂಜೆಗೆ ಹೋಗಿಬಂದ ಕಥೋಲಿಕನ ಮನೆಯಲ್ಲೂ ಹಾಗೆಯೇ.

ಏಳನೆಯ ಕಟ್ಟಳೆಯ ಬಳಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ. ಅದು ಕಳವಿನದು. ಕಳವು ಅಂದಕೂಡಲೇ ಕನ್ನ, ಬೀಗ, ಪೊಲೀಸ್ ಠಾಣೆ ನೆನಪಾಗುತ್ತವೆ, ನಾವಂತೂ ಕಳ್ಳರಲ್ಲ ಎಂದು ಸಮಾಧಾನವಾಗುತ್ತದೆ. ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥ ಈ ಸಮಾಧಾನಕ್ಕೆ ಜಾಗ ಬಿಟ್ಟಿಲ್ಲ. ಅನ್ಯಾಯದ ಕೂಲಿ ಕೊಡುವುದು, ವ್ಯಾಪಾರದಲ್ಲಿ ವಂಚಿಸುವುದು, ಇನ್ನೊಬ್ಬನ ಕಷ್ಟ ನೋಡಿ ಬೆಲೆ ಏರಿಸುವುದು, ಸಾಲ ತಂದ ವಸ್ತುವನ್ನು ಬೇಕೆಂದೇ ಇಟ್ಟುಕೊಳ್ಳುವುದು, ಕೆಲಸ ಕೆಟ್ಟದಾಗಿ ಮಾಡುವುದು, ಇವೆಲ್ಲವೂ ಅದರ ಪ್ರಕಾರ ಏಳನೆಯ ಕಟ್ಟಳೆಯ ಉಲ್ಲಂಘನೆ. ಕೂಲಿಕಾರನಿಗೆ ಮಾಡಿದ ಅನ್ಯಾಯವನ್ನಂತೂ ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ, ಕೊಲೆಯ ಪಕ್ಕದಲ್ಲಿ ನಿಲ್ಲಿಸಿದ್ದಾರೆ.

ಕಟ್ಟಳೆಗಳನ್ನು ಜನರಿಗೆ ತಲುಪಿಸಿದ ಮೋಶೆಯ ಧರ್ಮಶಾಸ್ತ್ರದಲ್ಲಿ ಕೂಲಿಗೆ ಗಡುವು ಇದೆ. ದಿನಗೂಲಿಯವನ ಹಣ ರಾತ್ರಿಯೆಲ್ಲ ನಿನ್ನ ಮನೆಯಲ್ಲಿ ಇರಕೂಡದು, ಹೊತ್ತು ಮುಳುಗುವುದರೊಳಗೆ ಕೊಡಬೇಕು. ಅವನು ಬಡವ, ಅವನ ಜೀವವೆಲ್ಲ ಆ ಹಣದ ಮೇಲೆಯೇ ಇದೆ ಎಂದು ಕಾರಣವನ್ನೂ ಕೊಟ್ಟಿದೆ. ಇದನ್ನು ನಮ್ಮ ಕಾಲದ ಗಡುವುಗಳ ಜೊತೆ ಇಟ್ಟು ನೋಡಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಹದಿನೈದು ದಿನ ಎಂದಿತು. 1966ರ ಕಬ್ಬು ನಿಯಂತ್ರಣ ಆದೇಶ ಕಾರ್ಖಾನೆಗೆ 14 ದಿನ ಕೊಟ್ಟಿತು, ತಡವಾದರೆ ಶೇ. 15ರ ಬಡ್ಡಿ ಎಂದಿತು. ಬಾಕಿ ಬಿಲ್ಲಿಗಾಗಿ ರಸ್ತೆಗಿಳಿದ ರೈತರು ನಮ್ಮ ಜಿಲ್ಲೆಯಲ್ಲಿ ಎಷ್ಟು ಸಲ ಧರಣಿ ಕೂತಿದ್ದಾರೆ ಎಂಬುದು ನಿಮಗೇ ಗೊತ್ತು. ಅವರ ಸಿಟ್ಟು ನ್ಯಾಯವಾದದ್ದು.

ಆದರೆ ಅದೇ ರೈತ ತನ್ನ ಹೊಲದಲ್ಲಿ ಕಸ ತೆಗೆದ ಹೆಣ್ಣಾಳಿಗೆ ಏನು ಹೇಳುತ್ತಾನೆ? ‘ನಾಳಿ ಬಾ.’ ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ದೆವ್ವ ಬಾಗಿಲು ಬಡಿಯುತ್ತದೆ ಎಂದು ಹೆದರಿ ಕದದ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವಕ್ಕೆ ಹೇಳುವ ಮಾತನ್ನೇ ನಾವು ಕೂಲಿಯವರಿಗೂ ಹೇಳುತ್ತೇವೆ. (ಸಭೆ ನಕ್ಕಿತು. ನಕ್ಕವರಲ್ಲಿ ಜಮೀನಿದ್ದವರೇ ಹೆಚ್ಚು ಎಂದು ಇಲ್ಲಿ ಬರೆದಿಡುತ್ತೇನೆ.) ಕಬ್ಬು ಕಡಿಯುವ ಗ್ಯಾಂಗುಗಳಿಗೆ ಕೊಡುವ ಉಚಲ ಹಣದ ಕತೆ ಇದರ ಇನ್ನೊಂದು ಮುಖ. ಅಲ್ಲಿ ಹಣ ತಡವಾಗುವುದಿಲ್ಲ, ಮೊದಲೇ ಕೈಗೆ ಬರುತ್ತದೆ. ಹಂಗಾಮು ಮುಗಿಯುವವರೆಗೂ ಗಂಡ, ಹೆಂಡತಿ, ಮಕ್ಕಳನ್ನು ಕಬ್ಬಿನ ಗದ್ದೆಗೆ ಕಟ್ಟಿಹಾಕುತ್ತದೆ. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಮುಂಗಡದ ಲೆಕ್ಕವನ್ನು ಬರೆಯುವ ಪುಸ್ತಕ ಮಾತ್ರ ಧಣಿಯ ಕೈಯಲ್ಲೇ ಉಳಿದಿದೆ.

ತೂಕದ ಮಾತೂ ಬೈಬಲಿನಲ್ಲಿ ಬಹಳ ಸಲ ಬರುತ್ತದೆ. ಚೀಲದಲ್ಲಿ ಎರಡು ಬಗೆಯ ಕಲ್ಲು, ಕೊಳ್ಳಲು ದೊಡ್ಡದು, ಮಾರಲು ಸಣ್ಣದು, ಇಟ್ಟುಕೊಳ್ಳಬಾರದು ಎಂದು ಧರ್ಮೋಪದೇಶಕಾಂಡ ನೇರವಾಗಿ ಹೇಳುತ್ತದೆ. ಈಗ ಕಲ್ಲು ಹೋಗಿ ಕಂಪ್ಯೂಟರ್ ಕಾಟಾ ಬಂದಿದೆ. ಮಾಪನಶಾಸ್ತ್ರ ಇಲಾಖೆಯವರು ಬಂದು ಮುದ್ರೆ ಒತ್ತುತ್ತಾರೆ. ಹಾಗಿದ್ದೂ ಅಡತಿ ಅಂಗಡಿಯಲ್ಲಿ ಚೀಲಕ್ಕೆ ಇಷ್ಟು ಎಂದು ತೂಕದಲ್ಲಿ ಕಡಿತ ಮಾಡುವ, ಅಂದರೆ ಸೂಟು ಮುರಿಯುವ, ರೂಢಿ ಕೆಲವೆಡೆ ನಿಂತಿಲ್ಲ. ಮುರಿಯುವವನನ್ನು ಕೇಳಿದರೆ ‘ಪದ್ಧತಿ ಐತ್ರಿ’ ಎನ್ನುತ್ತಾನೆ. ಪದ್ಧತಿಯಾದ ಕಳವಿಗೆ ಯಾರೂ ಪಾಪನಿವೇದನೆ ಮಾಡುವುದಿಲ್ಲ. ಆತ್ಮಶೋಧನೆಯ ಪ್ರಶ್ನೆಗಳಲ್ಲಿ ನಾವು ಮಕ್ಕಳಿಗೆ ಕಲಿಸುವುದು ಪೆನ್ಸಿಲ್ ಕದ್ದೆಯಾ ಎಂಬುದನ್ನು. ದೊಡ್ಡವರಿಗೆ ಸೂಟು ಮುರಿದೆಯಾ ಎಂದು ಕೇಳುವ ಪಟ್ಟಿಯನ್ನು ಯಾರಾದರೂ ಅಚ್ಚು ಹಾಕಿಸಬೇಕು.

ಈಗ ನನಗೆ ಬಹಳ ಪ್ರಿಯವಾದ ಒಂದು ವಿಷಯ. ಬೆಳೆ ಕೊಯ್ಯುವಾಗ ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಉದುರಿದ ತೆನೆಯನ್ನು ಆರಿಸಿಕೊಳ್ಳಬಾರದು, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ಹಕ್ಕಲು ಆರಿಸುವುದನ್ನು ನೀವೆಲ್ಲ ಬಲ್ಲಿರಿ. ರೂತಳೆಂಬ ವಿಧವೆ, ಪರನಾಡಿನ ಸೊಸೆ, ಬೆತ್ಲೆಹೇಮಿನ ಜವೆಗೋಧಿಯ ಹೊಲದಲ್ಲಿ ಹಕ್ಕಲು ಆರಿಸಿಯೇ ತನ್ನ ಅತ್ತೆಯನ್ನು ಸಾಕಿದಳು. ಹೊಲದ ಒಡೆಯ ಬೋವಜ ತನ್ನ ಆಳುಗಳಿಗೆ ಗುಟ್ಟಾಗಿ, ಅವಳಿಗಾಗಿ ಬೇಕೆಂದೇ ಒಂದಿಷ್ಟು ತೆನೆ ಬೀಳಿಸುತ್ತ ಹೋಗಿ ಎಂದು ಹೇಳಿದ. ಕೊಟ್ಟೆ ಎಂದು ಹೇಳಿಕೊಳ್ಳದ ಕೊಡುವಿಕೆ ಅದು.

ಮೋಶೆ ಮಾತಾಡಿದ್ದು ಹೊಲ ಉಳ್ಳವನ ಜೊತೆ. ಆರಿಸುವವನ ಕಡೆಯಿಂದ ಮಾತಾಡಿದವಳು ನಮ್ಮ ನಾಡಿನ ಶರಣೆ ಆಯ್ದಕ್ಕಿ ಲಕ್ಕಮ್ಮ. ಅವಳೂ ಗಂಡ ಮಾರಯ್ಯನೂ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಆಯ್ದುಕೊಂಡು ಬಂದ. ಲಕ್ಕಮ್ಮ ಒಲೆ ಹೊತ್ತಿಸಲಿಲ್ಲ. ನಮ್ಮ ಇವತ್ತಿಗೆ ಬೇಕಾದ್ದಕ್ಕಿಂತ ಹೆಚ್ಚಿನದು ಆಸೆಯ ಅಕ್ಕಿ, ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಅರಣ್ಯದಲ್ಲಿ ಇಸ್ರಯೇಲರಿಗೆ ಮನ್ನ ಎಂಬ ಆಹಾರ ಸುರಿದಾಗ ಆ ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕೆಂಬ ಅಪ್ಪಣೆ ಇತ್ತು, ನಾಳೆಗೆಂದು ಕೂಡಿಟ್ಟದ್ದು ಹುಳ ಬಿತ್ತು. ಉಳ್ಳವನು ಬಿಡಬೇಕು, ಇಲ್ಲದವನೂ ಅಳತೆ ಮೀರಬಾರದು. ಮೋಶೆಯ ವಿಧಿ ಮತ್ತು ಲಕ್ಕಮ್ಮನ ಹಟ ಸೇರಿದರೆ ಮಾತ್ರ ಆ ಧರ್ಮ ಪೂರ್ತಿಯಾಗುತ್ತದೆ. ಪರರ ವಸ್ತುವಿಗೆ ಆಸೆಪಡುವುದನ್ನು ಕುರಿತ ಹತ್ತನೆಯ ಕಟ್ಟಳೆಯ ಪಾಠ ಮಾಡುವಾಗ ನಾನು ಲಕ್ಕಮ್ಮನ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. ಇದರಿಂದ ನನ್ನ ಧರ್ಮಶ್ರದ್ಧೆ ತೆಳುವಾಯಿತು ಎನ್ನುವ ನಮ್ಮವರಿದ್ದಾರೆ. ಅವರಿಗೆ ಉತ್ತರ ಕೊಡುವ ಹೊತ್ತು ಇದಲ್ಲ.

ತಂದೆತಾಯಿಯನ್ನು ಗೌರವಿಸುವ ನಾಲ್ಕನೆಯದರ ಬಗ್ಗೆ ನಿಮಗೆ ಹೊಸದೇನು ಹೇಳಲಿ. ಎಂಟನೆಯದು ಸುಳ್ಳುಸಾಕ್ಷಿಯದು. ಓದದೆ ಪಂಚನಾಮೆಗೆ ಸಹಿ ಹಾಕುವುದು, ಬಾಂಧ ಒತ್ತಿದ ಜಗಳದಲ್ಲಿ ನಮ್ಮ ಓಣಿಯವನೆಂದು ಒಬ್ಬನ ಪರ ನಿಲ್ಲುವುದು, ಯಾರದೋ ಮಾನ ತೆಗೆಯುವ ಸುದ್ದಿಯನ್ನು ಬೆರಳ ತುದಿಯಿಂದ ಮುಂದೆ ತಳ್ಳುವುದು, ಎಲ್ಲವೂ ಅದರೊಳಗೇ ಬರುತ್ತವೆ. ದೇಶನೂರಿನ ಚಿತ್ರಗಳನ್ನು ಏನೂ ತಿಳಿಯದೆ ಹರಡಿದವರೂ ಅದರಲ್ಲಿ ಬರುತ್ತಾರೆ.

ಮಾರ್ಕನ ಶುಭಸಂದೇಶದಲ್ಲಿ ಒಬ್ಬ ಸಿರಿವಂತ ಯೇಸುವಿನ ಬಳಿ ಓಡಿಬರುತ್ತಾನೆ. ಯೇಸು ಅವನಿಗೆ ಕಟ್ಟಳೆಗಳನ್ನು ನೆನಪಿಸುತ್ತ ನಡುವೆ ಹತ್ತರ ಪಟ್ಟಿಯಲ್ಲಿ ಇಲ್ಲದ ಒಂದನ್ನು ಸೇರಿಸುತ್ತಾರೆ, ಯಾರನ್ನೂ ವಂಚಿಸಬಾರದು ಎಂದು. ಎದುರಿಗೆ ನಿಂತವನು ಬಹಳ ಆಸ್ತಿ ಉಳ್ಳವನು ಎಂಬುದನ್ನು ಕಂಡೇ ಸೇರಿಸಿದರೇನೋ. ಆತ ಚಿಕ್ಕಂದಿನಿಂದ ಎಲ್ಲವನ್ನೂ ಪಾಲಿಸಿದ್ದೇನೆ ಎನ್ನುತ್ತಾನೆ. ಇದ್ದದ್ದನ್ನು ಮಾರಿ ಬಡವರಿಗೆ ಕೊಡು ಎಂದಾಗ ಮುಖ ಸಪ್ಪೆ ಮಾಡಿಕೊಂಡು ಹೊರಟುಹೋಗುತ್ತಾನೆ. ಕಟ್ಟಳೆಗಳು ಬೇಲಿಯಂತೆ ಹೊಲದ ಎಲ್ಲೆಯನ್ನು ತೋರಿಸುತ್ತವೆ, ಒಳಗೆ ಬಿತ್ತುವ ಕೆಲಸ ಬೇರೆಯೇ ಇದೆ.

ಜಕ್ಕಾಯನ ದಾರಿ ಬೇರೆಯಾಯಿತು. ಆತ ಸುಂಕದವರ ಮುಖಂಡ. ಯೇಸು ಅವನ ಮನೆಗೆ ಅತಿಥಿಯಾಗಿ ಬಂದಾಗ, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ಸು ಎಂದು ತಾನಾಗಿಯೇ ಘೋಷಿಸಿದ. ಕಥೋಲಿಕ ಧರ್ಮ ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಪಾಪನಿವೇದನೆ ಮಾಡಿದರೆ ಎಲ್ಲ ತೊಳೆದುಹೋಗುತ್ತದೆ, ನಿಮ್ಮದು ಬಹಳ ಸಸ್ತಾ ವ್ಯವಸ್ಥೆ ಎಂದು ಗೆಳೆಯರು ನನ್ನನ್ನು ಕಾಡುತ್ತಾರೆ. ಸಸ್ತಾ ಅಲ್ಲ. ಕ್ಷಮೆ ಸಿಗುತ್ತದೆ, ಆದರೆ ಕದ್ದದ್ದನ್ನು ಮರಳಿಸುವ ಹೊಣೆ ಹಾಗೆಯೇ ಉಳಿಯುತ್ತದೆ. ಒಡೆಯ ಸತ್ತಿದ್ದರೆ ಅವನ ವಾರಸುದಾರರಿಗೆ. ಯಾರೆಂದೇ ತಿಳಿಯದಿದ್ದರೆ ಬಡವರಿಗೆ. ಇನ್ನೊಬ್ಬನ ಹೆಸರು ಕೆಡಿಸಿದ್ದರೆ ಹೆಸರನ್ನೂ ಸರಿಪಡಿಸಬೇಕು, ಅದು ಹಣಕ್ಕಿಂತ ಕಷ್ಟ. ನಿವೇದನೆ ಕೇಳಿದ ಗುರು ಅದನ್ನು ಯಾರಿಗೂ, ಕೋರ್ಟಿಗೂ, ಹೇಳುವ ಹಾಗಿಲ್ಲ. ಹೀಗಾಗಿ ಮರಳಿಸಿದೆಯೋ ಇಲ್ಲವೋ ಎಂದು ಹೊರಗಿನಿಂದ ತಪಾಸಣೆ ಮಾಡುವವರು ಯಾರೂ ಇಲ್ಲ. ಮೂರು ವರ್ಷ ಸೂಟು ಮುರಿದವನು ಆ ಚೀಲಗಳ ರೈತರನ್ನು ಎಲ್ಲಿ ಹುಡುಕಬೇಕು, ಊರು ಬಿಟ್ಟುಹೋದ ಗ್ಯಾಂಗಿನ ಹೆಣ್ಣಾಳಿಗೆ ಬಾಕಿ ಹೇಗೆ ಮುಟ್ಟಿಸಬೇಕು, ಈ ಲೆಕ್ಕವನ್ನು ಅವನೇ ಕೂತು ಹಾಕಬೇಕು.

ಕೊನೆಯದಾಗಿ, ಸಭೆ ಶುರುವಾಗುವ ಮುಂಚೆ ಒಬ್ಬ ಯುವಕ ಹೊರಗೆ ನಿಲ್ಲಿಸಿ ಕೇಳಿದ ಪ್ರಶ್ನೆ. ಆತ ಕಥೋಲಿಕನಲ್ಲ. ಒಂದು ಕಾಟಾದ ಮೇಲೆ ಕಂಪ್ಯೂಟರ್ ಒತ್ತುವ ಕೆಲಸ. ‘ಸರ್, ತೂಕ ಕಡಿಮೆ ತೋರಸು ಅಂತ ಮ್ಯಾಲಿನವ್ರು ಹೇಳಿದ್ರ ನಾ ಏನ್ ಮಾಡ್ಬೇಕು? ಕೆಲಸ ಬಿಟ್ರ ಮನ್ಯಾಗ ಒಲಿ ಹತ್ತಂಗಿಲ್ಲ.’ ಅರುಳಪ್ಪ ಸುಂಕದವರಿಗೆ ಕೆಲಸ ಬಿಡಿ ಎನ್ನಲಿಲ್ಲ ಎಂಬುದು ಅವನಿಗೆ ಅರ್ಧ ಸಮಾಧಾನ. ಹೆಚ್ಚು ಕೀಳಬೇಡಿ ಎಂದ ಎಂಬುದು ಇನ್ನರ್ಧ, ಅದು ಸಮಾಧಾನವಲ್ಲ. ನಮ್ಮ ನೀತಿಶಾಸ್ತ್ರ ಇಲ್ಲಿ ಒಂದು ಗೆರೆ ಎಳೆಯುತ್ತದೆ. ಮೋಸವನ್ನು ತನ್ನದಾಗಿಸಿಕೊಂಡು, ಮನಸಾರೆ ಕೈಜೋಡಿಸುವುದು ಯಾವ ಕಾರಣಕ್ಕೂ ಸಲ್ಲದು. ಮನಸ್ಸು ಒಪ್ಪದಿದ್ದರೂ ಬೇರೊಬ್ಬನ ಮೋಸಕ್ಕೆ ದೂರದಿಂದ ನೆರವಾಗುವ ಕೆಲಸ, ಉದಾಹರಣೆಗೆ ಅದೇ ಅಂಗಳದ ಕಸ ಗುಡಿಸುವುದು, ಬಲವಾದ ಕಾರಣವಿದ್ದರೆ ದೋಷವಾಗದೆ ಇರಬಹುದು. ಕಸ ಗುಡಿಸುವವನಿಗೆ ಈ ಗೆರೆ ನೆರಳು ಕೊಡುತ್ತದೆ. ತೂಕದ ಅಂಕಿಯನ್ನು ತನ್ನ ಬೆರಳಿನಿಂದಲೇ ಒತ್ತುವವನಿಗೆ ಕೊಡುವುದಿಲ್ಲ ಎಂದು ನನ್ನ ಅಭಿಪ್ರಾಯ. ಹಾಗೆಂದು ಅವನಿಗೆ ಹೇಳಿದೆ. ಆತ ಒಪ್ಪಲಿಲ್ಲ, ನಿಮಗೆ ತಿಂಗಳ ಪಿಂಚಣಿ ಬರ್ತದ್ರಿ ಎಂದ. ಅದೂ ನಿಜವೇ. ಅವನೊಬ್ಬನೇ ಒತ್ತುವುದಿಲ್ಲ ಎಂದರೆ ಅವನೊಬ್ಬನೇ ಕೆಲಸ ಕಳೆದುಕೊಳ್ಳುತ್ತಾನೆ. ಕಬ್ಬು ತರುವ ರೈತರೂ ಗಾಡಿಯವರೂ ಅವನ ಬೆನ್ನಿಗೆ ನಿಲ್ಲುತ್ತಾರೆಯೇ ಎಂಬುದನ್ನು ಹೇಳಬೇಕಾದವರು ಇಲ್ಲಿ ಕುಳಿತ ನೀವು. ಚರ್ಚೆಗೆ ಅರ್ಧ ಗಂಟೆ ಇದೆ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಆ ಹುಡುಗ ಹಿಂದಿನ ಸಾಲಿನಲ್ಲೇ ಇದ್ದಾನೆ, ಅವನ ಪ್ರಶ್ನೆಯಿಂದಲೇ ಶುರುಮಾಡೋಣ.